ಶಾಲೆಯ ಮಾಡಿಗೆ ಹಂಚು ತರಿಸುವ ಮೊದಲು ಒಮ್ಮೆ ಮಾಡು ನೋಡಿ

ಮಾನ್ಯ ಸಂಪಾದಕರೇ,

ಕರಾವಳಿಯ ಹಳೆಯ ಸರಕಾರಿ ಶಾಲೆಗಳ ಹಂಚಿನ ಮಾಡಿನ (ಛಾವಣಿಯ) ದುರಸ್ತಿಗೆ ಹಣ ಮಂಜೂರಾಗುವುದೇ ಕಷ್ಟ. ಹಾಗೂ ಹೀಗೂ ಮಂಜೂರಾಗಿ, ಹಂಚೂ ಬಂದು, ಬಂದ ಹಂಚು ಅರ್ಧ ಮಾಡಿಗೆ ಮುಗಿದುಹೋದರೆ ಮಕ್ಕಳು ಮಳೆಗಾಲವಿಡೀ ಟಾರ್ಪಾಲಿನ ಕೆಳಗೆ ಕೂರಬೇಕಾಗುತ್ತದೆ. ನಮ್ಮ ಶಾಲೆಯಲ್ಲಿ ಈ ವರ್ಷ ಆದದ್ದು ಇದೇ. ಎಷ್ಟು ಹಂಚು ಬೇಕೆಂಬ ಲೆಕ್ಕವನ್ನು ಯಾರೂ ಮಾಡು ನೋಡಿ ಬರೆಯಲಿಲ್ಲ, ಕಡತದಲ್ಲಿದ್ದ ಕೊಠಡಿಗಳ ವಿಸ್ತೀರ್ಣ ನೋಡಿ ಬರೆದರು. ಇನ್ನೊಂದು ಶಾಲೆಗೆ ಹೀಗಾಗಬಾರದು ಎಂಬ ಕಾಳಜಿಯಿಂದ ಈ ಪತ್ರ. ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಆ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಮಗಳು ಅಲ್ಲಿ ಐದನೇ ತರಗತಿಯಲ್ಲಿ ಓದುತ್ತಾಳೆ. ನನ್ನ ತಂದೆ ಮರಗೆಲಸ ಮಾಡುತ್ತಿದ್ದವರು. ಅಣ್ಣ ಈಗ ಮಾಡು ಕಟ್ಟುವ ಕೆಲಸ ವಹಿಸಿಕೊಳ್ಳುತ್ತಾನೆ. ಪಕಾಸು (ನೆತ್ತಿಯಿಂದ ಸೂರಿಗೆ ಇಳಿಯುವ ಮರ) ಎಷ್ಟು, ರೀಪು (ಹಂಚು ಸಿಕ್ಕಿಸಲು ಪಕಾಸಿನ ಮೇಲೆ ಅಡ್ಡಕ್ಕೆ ಹೊಡೆಯುವ ಮರದ ಪಟ್ಟಿ) ಎಷ್ಟು, ಮೊಳೆ ಎಷ್ಟು ಕಿಲೋ, ಹಂಚು ಎಷ್ಟು ಎಂದು ಅವನ ಕೆಲಸಗಳ ಸಾಮಾನು ಪಟ್ಟಿ ಬರೆಯುವವಳು ನಾನು. ಹಾಗಾಗಿ ಈ ಲೆಕ್ಕದ ಬಗ್ಗೆ ನಾಲ್ಕು ಮಾತು ಧೈರ್ಯದಿಂದ ಬರೆಯಬಲ್ಲೆ.

ಶಾಲೆಯ ಹಳೆಯ ಕಟ್ಟಡ ಒಂದೇ ಸಾಲಿನ ಮೂರು ಕೊಠಡಿ. ಒಂದೊಂದೂ 20 ಅಡಿ ಉದ್ದ, 20 ಅಡಿ ಅಗಲ. ಮೂರೂ ಸೇರಿ 1200 ಚದರಡಿ, ನಮ್ಮ ಕಡೆಯ ಮಾತಿನಲ್ಲಿ 12 ಚದರ. ಅಂದಾಜುಪಟ್ಟಿಯಲ್ಲಿ ಹಿಡಿದದ್ದು ಇಷ್ಟೇ. ಚದರಕ್ಕೆ 140 ಹಂಚಿನಂತೆ 1680, ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಸೇರಿಸಿ 1848. ಕಾಗದದ ಮೇಲೆ ನೋಡಿದರೆ ಎಲ್ಲವೂ ಸರಿ. ಗುಣಾಕಾರದಲ್ಲಿ ತಪ್ಪಿಲ್ಲ, ಚದರಕ್ಕೆ 140 ಎಂಬುದೂ ಸರಿಯಾದ ಸಂಖ್ಯೆ.

ಆದರೆ ಹಂಚು ಹೊದೆಸುವುದು ನೆಲಕ್ಕಲ್ಲವಲ್ಲ. ಕೊಠಡಿಗಳ ಮುಂದೆ 6 ಅಡಿ ಅಗಲದ ಜಗಲಿ ಇದೆ, ಅದೇ ಮಾಡು ಅದರ ಮೇಲೂ ಇಳಿದಿದೆ. ಮುಂದೆ ಹಿಂದೆ ಎರಡೆರಡು ಅಡಿ ಸೂರು ಹೊರಗೆ ಚಾಚಿದೆ, ಎಡ ಬಲ ಗೋಡೆಗಳಿಂದಾಚೆಗೂ ಎರಡೆರಡು ಅಡಿ. ಅಂದರೆ ಮೇಲಿನಿಂದ ನೋಡಿದರೆ ಮಾಡು ಆವರಿಸಿರುವ ಜಾಗ 64 ಅಡಿ ಉದ್ದ, 30 ಅಡಿ ಅಗಲ, ಒಟ್ಟು 1920 ಚದರಡಿ. ಇಷ್ಟಕ್ಕೇ ಮುಗಿಯಲಿಲ್ಲ, ಮಾಡು ಇಳಿಜಾರಾಗಿದೆ. ಅಡ್ಡಕ್ಕೆ 12 ಇಂಚು ಹೋದರೆ ಮೇಲಕ್ಕೆ 7 ಇಂಚು ಏರುವ ಇಳಿಜಾರು ಅದು. ಅಷ್ಟು ಇಳಿಜಾರಿಗೆ ವಿಸ್ತೀರ್ಣವನ್ನು 1.158ರಿಂದ ಗುಣಿಸಬೇಕು. ಆಗ ಬರುವುದು ಸುಮಾರು 2223 ಚದರಡಿ. ಕಡತದ 12 ಚದರ, ಮಾಡಿನ ಮೇಲೆ 22 ಚದರ ದಾಟಿತು.

ಮೇ ತಿಂಗಳಲ್ಲಿ ಲಾರಿ ಬಂತು. ಹಳೆ ಹಂಚು ಇಳಿಸಿ, ಗೆದ್ದಲು ತಿಂದ ರೀಪು ಬದಲಿಸಿ, ಮುಂದಿನ ಮಾಡಿನಿಂದ, ಅಂದರೆ ಜಗಲಿಯ ಕಡೆಗಿನ ಇಳಿಜಾರಿನಿಂದ, ಹೊಸ ಹಂಚು ಹಾಕುತ್ತಾ ಹೋದರು. ಮುಂದಿನ ಮಾಡಿಗೇ ಬೇಕಾದದ್ದು 1880, ಬಂದದ್ದು 1848. ಒಂದೂ ಒಡೆಯದಿದ್ದರೂ ಮೇಲಿನ ಸಾಲಿಗೆ 32 ಹಂಚು ಕಡಿಮೆ. ಹಿಂದಿನ ಮಾಡು ಪೂರ್ತಿ ಬರಿದು. ನೆತ್ತಿಯ ಮೇಲೆ ಉದ್ದಕ್ಕೂ ಕವುಚಿ ಹಾಕುವ ರಿಡ್ಜ್ ಹಂಚಿನ ಹೆಸರೇ ಪಟ್ಟಿಯಲ್ಲಿರಲಿಲ್ಲ. ಗುತ್ತಿಗೆದಾರ ಹುಡುಗನನ್ನು ಕೇಳಿದರೆ, "ಅಕ್ಕಾ, ಪಟ್ಟಿಯಲ್ಲಿ ಇದ್ದಷ್ಟನ್ನೂ ಎಣಿಸಿ ಇಳಿಸಿದ್ದೇನೆ, ಬೇಕಾದರೆ ನೀವೇ ಎಣಿಸಿ ನೋಡಿ" ಎಂದ. ಅವನು ಹೇಳಿದ್ದು ನಿಜ. ಹಳೆಯ ಹಂಚನ್ನಾದರೂ ಹಿಂದೆ ಹಾಕೋಣವೆಂದರೆ ಇಳಿಸುವಾಗಲೇ ಬಹಳಷ್ಟು ಒಡೆದಿದ್ದವು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಊರವರು ನೀಲಿ ಟಾರ್ಪಾಲು ತಂದು ಕಟ್ಟಿದರು, ಗಾಳಿಗೆ ಅದು ಹರಿಯಿತು, ಮತ್ತೆ ಕಟ್ಟಿದರು. ಮೂರು ಕೊಠಡಿಯ ಮಕ್ಕಳೂ ಮುಂಬದಿಯ ಅರ್ಧಕ್ಕೆ ಒತ್ತರಿಸಿ ಕೂತರು. ಕರಿಹಲಗೆಯನ್ನು ಜಗಲಿಗೆ ತಂದು ಪಾಠ ಮಾಡಿದ ಟೀಚರನ್ನು ನೋಡಿ ನನಗೆ ತುಂಬ ಸಂಕಟವಾಯಿತು.

ಇಷ್ಟೆಲ್ಲ ಆಗುವುದನ್ನು ತಪ್ಪಿಸಲು ಇಂಜಿನಿಯರಿಂಗ್ ಓದಬೇಕಾಗಿರಲಿಲ್ಲ. ಹಳೆಯ ಮಾಡು ಇನ್ನೂ ನಿಂತೇ ಇತ್ತು. ಅಂಗಳದಲ್ಲಿ ನಿಂತು ಸೂರಿನ ಉದ್ದಕ್ಕೆ ಎಷ್ಟು ಹಂಚಿವೆ ಎಂದು ಎಣಿಸಿದ್ದರೆ 94 ಸಿಗುತ್ತಿತ್ತು. ಕೊಠಡಿಯ ಒಳಗೂ ಜಗಲಿಯಲ್ಲೂ ನಿಂತು ತಲೆ ಎತ್ತಿ ರೀಪುಗಳನ್ನು ಎಣಿಸಿ, ಹೊರಗೆ ಚಾಚಿದ ಸೂರಿನದನ್ನೂ ಸೇರಿಸಿದ್ದರೆ ಮುಂದಿನ ಮಾಡಿಗೆ 20 ಸಾಲು, ಹಿಂದಿನದಕ್ಕೆ 14. ಒಟ್ಟು 34 ಸಾಲು, ಸಾಲಿಗೆ 94. ಗುಣಿಸಿದರೆ 3196. ಒಡೆಯುವುದಕ್ಕೆ ಸುಮಾರು ನೂರಕ್ಕೆ ಐದು ಸೇರಿಸಿ 3350 ಎಂದು ಬರೆದರೆ ಮುಗಿಯಿತು. ಏಣಿ ಬೇಡ, ಟೇಪೂ ಬೇಡ. ಏಳನೇ ತರಗತಿಯ ಮಕ್ಕಳಿಗೆ ಹೇಳಿದ್ದರೂ ಒಂದು ಪೀರಿಯಡ್ಡಿನಲ್ಲಿ ಎಣಿಸಿ ಕೊಡುತ್ತಿದ್ದರು. ಹಳೆ ಕಟ್ಟಡದ ದುರಸ್ತಿಯೆಂದರೆ ಇದಕ್ಕಿಂತ ನಂಬಿಕೆಯ ಲೆಕ್ಕ ಬೇರೊಂದಿಲ್ಲ. ಹೊಸ ಹಂಚು ಹಳೆಯದರ ಅಳತೆಯದ್ದೇ ಆಗಿರಬೇಕು, ಅಷ್ಟೇ.

ಅಳತೆ ಎಂದೆ. ಮಂಗಳೂರು ಹಂಚೆಂದರೆ ಎಲ್ಲವೂ ಒಂದೇ ಗಾತ್ರ ಎಂದು ತಿಳಿದವರು ಬಹಳ. ಭಾರತೀಯ ಮಾನಕ ಐಎಸ್ 654ರಲ್ಲೇ ಮೂರು ಗಾತ್ರಗಳಿವೆ: 410ಕ್ಕೆ 235 ಮಿಲಿಮೀಟರ್, 420ಕ್ಕೆ 250, 425ಕ್ಕೆ 260. ಚದರ ಮೀಟರಿಗೆ 15 ಹಂಚು, ಅಂದರೆ ಚದರಕ್ಕೆ ಸುಮಾರು 140 ಎಂದು ಎಲ್ಲರೂ ಬಾಯಿಪಾಠ ಹೇಳುವುದು ಸಣ್ಣ ಗಾತ್ರದ್ದಕ್ಕೆ. ಅದರ ಮುಂದಿನದಕ್ಕೆ ಹೋದರೇ ಚದರವೊಂದಕ್ಕೆ ಅದಕ್ಕಿಂತ ಕಡಿಮೆ ಸಾಕಾಗುತ್ತದೆ. ಇಪ್ಪತ್ತೆರಡು ಚದರದ ಮಾಡಿನಲ್ಲಿ ಅದು ನೂರಾರು ಹಂಚಿನ ಮಾತು.

ಹೊಸ ಕಟ್ಟಡವಾದರೆ ಎಣಿಸಲು ಹಳೆ ಮಾಡು ಇರುವುದಿಲ್ಲ, ಅಳೆಯಲೇಬೇಕು. ಆಗ ಅಪ್ಪಯ್ಯ ಮಾಡುತ್ತಿದ್ದದ್ದನ್ನು ಹೇಳುತ್ತೇನೆ. ತರಿಸಬೇಕೆಂದಿರುವ ಹಂಚಿನಲ್ಲಿ ಹನ್ನೊಂದನ್ನು ಮಾದರಿಗೆ ತಂದು ಸಮನಾದ ಜಾಗದಲ್ಲಿ ಒಂದರ ಪಕ್ಕ ಒಂದರಂತೆ ಕಚ್ಚಿಸಿ ಕೂರಿಸುತ್ತಿದ್ದರು. ಮೊದಲನೆಯದರ ಎಡ ಅಂಚಿನಿಂದ ಹನ್ನೊಂದನೆಯದರ ಎಡ ಅಂಚಿಗೆ ಟೇಪು ಹಿಡಿಯುವುದು. ಒಮ್ಮೆ ಹಂಚುಗಳನ್ನು ಸಡಿಲವಾಗಿ ಎಳೆದಿಟ್ಟು, ಇನ್ನೊಮ್ಮೆ ಒತ್ತರಿಸಿಟ್ಟು ಅಳೆಯುವುದು. ಎರಡರ ನಡುವಿನ ಅಳತೆ ಹಿಡಿದು ಹತ್ತರಿಂದ ಭಾಗಿಸಿದರೆ ಒಂದು ಹಂಚು ನಿಜವಾಗಿ ಎಷ್ಟು ಅಗಲ ಮುಚ್ಚುತ್ತದೆ ಎಂದು ಸಿಗುತ್ತದೆ. ಎಂಬತ್ತೆರಡೂವರೆ ಇಂಚು ಬಂದರೆ ಒಂದಕ್ಕೆ ಎಂಟೂಕಾಲು ಇಂಚು. ಕೈಯಲ್ಲಿ ಹಿಡಿದಾಗ ಅದೇ ಹಂಚು ಒಂಬತ್ತೂಕಾಲು ಇಂಚು ಅಗಲವಿರುತ್ತದೆ. ಉದ್ದದಲ್ಲೂ ಹಾಗೆಯೇ: ಹದಿನಾರು ಇಂಚಿನ ಹಂಚು, ರೀಪಿನಿಂದ ರೀಪಿಗೆ ಹನ್ನೆರಡೂವರೆ ಇಂಚು. ಹೀಗೆ ಪ್ರತಿ ಹಂಚಿನ ಮೂರನೇ ಒಂದು ಪಾಲಿನಷ್ಟು ಇನ್ನೊಂದರ ಅಡಿಗೋ ಮೇಲಕ್ಕೋ ಹೋಗಿಬಿಡುತ್ತದೆ. ಮಳೆ ತಡೆಯುವುದೇ ಆ ಪಾಲು. ಹಂಚಿನ ಪೂರ್ತಿ ಉದ್ದ ಅಗಲ ಗುಣಿಸಿ ಲೆಕ್ಕ ಹಾಕಿದವರಿಗೆ ಸಾಲದೆ ಬರುವುದು ಈ ಕಾರಣಕ್ಕೆ.

ಆಮೇಲೆ ಪಕಾಸಿನ ಉದ್ದ. ನೆತ್ತಿಯಿಂದ ಸೂರಿನ ತುದಿಯವರೆಗೆ ಇಳಿಜಾರಿನ ಮೇಲೇ ಟೇಪು ಹಿಡಿದರೆ ಸಾಕು, ಯಾವ ಗುಣಕವೂ ಬೇಡ. ಪಕಾಸು ಇನ್ನೂ ಏರಿಲ್ಲವೆಂದರೆ ಇಳಿಜಾರು ಗೊತ್ತಿರಬೇಕು. ಅಡಿಗೆ 6 ಇಂಚು ಏರಿದರೆ 1.118, 7ಕ್ಕೆ 1.158, 8ಕ್ಕೆ 1.202, ಅಡಿಗೆ ಅಡಿಯೇ ಏರಿದರೆ 1.414. ಕೆಲವರು ಹಂಚು ಉಳಿಸಲು ಇಳಿಜಾರನ್ನೇ ತಗ್ಗಿಸುತ್ತಾರೆ. ನಮ್ಮ ಕಡೆಯ ಗಾಳಿಮಳೆಯಲ್ಲಿ ಅದು ಅಪಾಯ. ತಗ್ಗಿದ ಮಾಡಿನಲ್ಲಿ ನೀರು ನಿಧಾನವಾಗಿ ಇಳಿಯುತ್ತದೆ, ಬೀಸುಗಾಳಿ ಅದನ್ನು ಹಂಚಿನ ಸಂದಿನೊಳಗೆ ಹಿಂದಕ್ಕೆ ತಳ್ಳುತ್ತದೆ.

ವಿಸ್ತೀರ್ಣದ ಲೆಕ್ಕಕ್ಕಿಂತ ಸಾಲಿನ ಲೆಕ್ಕ ಮೇಲು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಶಾಲೆಯ ಮಾಡಿಗೆ ವಿಸ್ತೀರ್ಣದಿಂದ ಹೋದರೆ ಸುಮಾರು 3112 ಬರುತ್ತದೆ, ಸಾಲು ಎಣಿಸಿದರೆ 3196. ವ್ಯತ್ಯಾಸ 84. ಹಿಂದಿನ ಮಾಡಿಗೆ ಹದಿಮೂರು ಸಾಲು ಹಾಕಿ ಮೇಲೆ ಇನ್ನೂ ನಾಲ್ಕು ಇಂಚು ಉಳಿಯುತ್ತದೆ. ಆ ನಾಲ್ಕು ಇಂಚಿಗೂ ಪೂರ್ತಿ ಒಂದು ಸಾಲು ಹಂಚು ಬೇಕು. ಇದನ್ನು ಮೊದಲೇ ಕಂಡವರು ಹೊಸ ಕಟ್ಟಡದಲ್ಲಿ ಸೂರನ್ನು ಒಂದಿಷ್ಟು ಹೆಚ್ಚು ಕಡಿಮೆ ಮಾಡಿ, ಅಥವಾ ರೀಪಿನ ಅಂತರವನ್ನು ಕೂದಲೆಳೆಯಷ್ಟು ಹೊಂದಿಸಿ, ಸಾಲು ಪೂರ್ತಿಯಾಗಿ ಕೂರುವಂತೆ ಮಾಡುತ್ತಾರೆ. ಪಕಾಸು ಕೊಯ್ಯುವ ಮೊದಲು ಹಂಚಿನ ಲೆಕ್ಕ ಮುಗಿದಿರಬೇಕು ಎಂದು ಅಪ್ಪಯ್ಯ ಪಟ್ಟು ಹಿಡಿಯುತ್ತಿದ್ದದ್ದು ಅದಕ್ಕೇ.

ನಾಲ್ಕೂ ಕಡೆ ಇಳಿಜಾರಿರುವ ಮಾಡಿಗೆ ಎರಡು ಇಳಿಜಾರಿನ ಮಾಡಿಗಿಂತ ಹೆಚ್ಚು ಜಾಗ ಮುಚ್ಚಬೇಕೆಂದು ಹೇಳಿ ಹಣ ಕೇಳುವವರಿದ್ದಾರೆ. ಸೂರಿನ ಅಳತೆಯೂ ಇಳಿಜಾರೂ ಒಂದೇ ಇದ್ದರೆ ಎರಡರ ಒಟ್ಟು ವಿಸ್ತೀರ್ಣ ಒಂದೇ. ನೀರು ಯಾವ ದಿಕ್ಕಿಗೆ ಇಳಿದರೂ ಕೆಳಗಿನ ಪ್ರತಿ ಚದರಡಿ ಮೇಲೆ ಹಿಗ್ಗುವ ಪ್ರಮಾಣ ಒಂದೇ ತಾನೆ? ಹೆಚ್ಚಾಗುವುದು ಪೋಲು. ಮೂಲೆಯಲ್ಲಿ ಹಂಚನ್ನು ಓರೆಯಾಗಿ ಕತ್ತರಿಸಬೇಕು. ಕತ್ತರಿಸಿ ಉಳಿದ ತುಂಡಿನಲ್ಲಿ ಕಚ್ಚಿಕೊಳ್ಳುವ ಅಂಚೋ ರೀಪಿಗೆ ಸಿಕ್ಕಿಸುವ ಗುಬುಟೋ ಇರುವುದಿಲ್ಲ, ಹಾಗಾಗಿ ಬಹುಪಾಲು ವ್ಯರ್ಥ. ನೇರ ಮಾಡಿಗೆ ನೂರಕ್ಕೆ ಐದು ಸಾಕು, ಮೂಲೆಗಳಿದ್ದರೆ ಹತ್ತು ಇಡಬೇಕು, ಎರಡು ಮಾಡು ಕೂಡುವ ಕಣಿವೆಯಿದ್ದರೆ ಹತ್ತಕ್ಕಿಂತಲೂ ತುಸು ಹೆಚ್ಚು. ರಿಡ್ಜ್ ಹಂಚನ್ನು ಬೇರೆಯೇ ಬರೆಯಬೇಕು. ಅದು ಒಂದೂಕಾಲು ಅಡಿ ಮುಚ್ಚುವಂಥದ್ದಾದರೆ ನಮ್ಮ 64 ಅಡಿ ನೆತ್ತಿಗೆ 52. ನಾಲ್ಕು ಇಳಿಜಾರಿನ ಮಾಡಿನಲ್ಲಿ ಮೂಲೆಗಳ ಉದ್ದವನ್ನೂ ಇದಕ್ಕೆ ಕೂಡಿಸಬೇಕು. ಬೆಳಕಿಗೆ ಗಾಜಿನ ಹಂಚು ಹಾಕುವುದಿದ್ದರೆ ಅಷ್ಟನ್ನು ಮಣ್ಣಿನ ಹಂಚಿನಿಂದ ಕಳೆಯಬೇಕು. ಕೊಠಡಿಗೆ ನಾಲ್ಕು ಗಾಜಿನ ಹಂಚಾದರೂ ಇರಲಿ ಎಂಬುದು ನನ್ನ ಆಸೆ. ಮೋಡದ ದಿನ ಕರೆಂಟು ಹೋದರೂ ಮಕ್ಕಳಿಗೆ ಅಕ್ಷರ ಕಾಣಬೇಕು.

ಈಗ ಇಳಿಜಾರು ಸ್ಲ್ಯಾಬು ಹಾಕಿ ಅದರ ಮೇಲೆ ಡಾಂಬರಿನ ಶಿಂಗಲ್ಸ್ ಅಂಟಿಸುವವರೂ ಬಂದಿದ್ದಾರೆ. ಅಣ್ಣನಿಗೂ ಅಂಥ ಕೆಲಸ ಬರುತ್ತಿದೆ. ಸಾಮಗ್ರಿ ಬೇರೆಯಾದರೂ ಲೆಕ್ಕದ ಬುಡ ಒಂದೇ: ಇಳಿಜಾರಿನ ಮೇಲಿನ ವಿಸ್ತೀರ್ಣ. ಅವು ಕಟ್ಟಿನ ಲೆಕ್ಕದಲ್ಲಿ ಬರುತ್ತವೆ. ಸಾಮಾನ್ಯವಾಗಿ ಒಂದು ಕಟ್ಟು ಸುಮಾರು ಮೂರು ಚದರ ಮೀಟರ್ ಮುಚ್ಚುತ್ತದೆ, ಅಂದರೆ ಮೂರು ಕಟ್ಟಿಗೆ ಹೆಚ್ಚುಕಡಿಮೆ ಒಂದು ಚದರ. ಕಟ್ಟಿನ ಮೇಲೆ ಅಚ್ಚಾದ ಅಳತೆಯನ್ನೇ ಹಿಡಿಯಬೇಕು, ಬಾಯಿಮಾತಿನದ್ದನ್ನಲ್ಲ. ನಮ್ಮ ಶಾಲೆಯಷ್ಟೇ ದೊಡ್ಡ ಮಾಡಿಗೆ ಪೋಲು ನೂರಕ್ಕೆ ಹತ್ತು ಸೇರಿಸಿದರೆ 76 ಕಟ್ಟು. ಸೂರಿನ ಅಂಚಿನಲ್ಲಿ ಮೊದಲ ಸಾಲಿನ ಅಡಿಗೆ ಹಾಕುವ ಪಟ್ಟಿ ಮತ್ತು ನೆತ್ತಿಗೆ ಮಡಿಚಿ ಹಾಕುವ ತುಂಡುಗಳು ಇದರಿಂದ ಹೊರಗೆ. ಮನೆ ಕಟ್ಟುವವರು ಮರೆಯುವುದು ಈ ಎರಡನ್ನೇ. ಎಲ್ಲ ಕಟ್ಟುಗಳೂ ಒಂದೇ ಲಾಟಿನವು ಇರಲಿ. ಆಮೇಲೆ ತರಿಸಿದ ಎರಡು ಕಟ್ಟಿನ ಬಣ್ಣ ಬೇರೆಯಾದರೆ ಬಿಸಿಲಿನಲ್ಲಿ ತೇಪೆ ಎದ್ದು ಕಾಣುತ್ತದೆ.

ಹಂಚಿನಲ್ಲಾದರೆ ಬಣ್ಣದ ತೇಪೆ ಹೋಗಲಿ ಎನ್ನಬಹುದು, ಆದರೆ ಆಮೇಲೆ ತರಿಸಿದ್ದು ಕಚ್ಚಿಕೊಳ್ಳದಿದ್ದರೆ ಸೋರುತ್ತದೆ. ಜಾರ್ಜ್ ಪ್ಲೆಬ್ಸ್ಟ್ ಅವರ ಮುಂದಾಳತ್ವದಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಮೇಲೆ ಮಂಗಳೂರಿನಲ್ಲೂ ನಮ್ಮ ಕುಂದಾಪುರದ ಕಡೆಯೂ ಎಷ್ಟೋ ಕಾರ್ಖಾನೆಗಳು ಬಂದವು, ಈಗ ಒಂದೊಂದಾಗಿ ಮುಚ್ಚುತ್ತಿವೆ. ಒಂದು ಕಾರ್ಖಾನೆಯ ಅಚ್ಚು ಇನ್ನೊಂದರ ಹಾಗಿರುವುದಿಲ್ಲ. ಹೆಸರು ಹಂಚಿನ ಅಡಿಯಲ್ಲೇ ಒತ್ತಿರುತ್ತದೆ, ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಒಂದೇ ಸಾಲಿನಲ್ಲಿ ಎರಡು ಹೆಸರಿನ ಹಂಚು ಬೆರೆತರೆ ಕಚ್ಚಿಕೊಳ್ಳುವ ಅಂಚು ಸರಿಯಾಗಿ ಕೂರದೆ ಸಂದು ಬಿಡುತ್ತದೆ. ಹಳೆಯ ಒಳ್ಳೆ ಹಂಚಿದ್ದರೆ ಬೆರಳ ಗೆಣ್ಣಿನಿಂದ ತಟ್ಟಿ, ಗಣಗಣ ಎನ್ನುವುದನ್ನು ಒಂದು ಕಡೆ, ಬೋದು ಸದ್ದು ಬರುವುದನ್ನು ಇನ್ನೊಂದು ಕಡೆ ಹಾಕಿ, ಹಳೆಯದೆಲ್ಲ ಒಂದು ಮಾಡಿಗೆ, ಹೊಸದೆಲ್ಲ ಇನ್ನೊಂದು ಮಾಡಿಗೆ ಹಾಕಿದರೆ ತೊಂದರೆಯಿಲ್ಲ. ಮೊದಲ ಸಲವೇ ಬೇಕಾದಷ್ಟನ್ನೂ, ಅದರ ಮೇಲೆ ಮುಂದಿನ ವರ್ಷಗಳಿಗೆ ಒಂದಿಷ್ಟನ್ನೂ ಒಂದೇ ಕಡೆಯಿಂದ ತರಿಸಿಕೊಳ್ಳಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ. ಮಂಗ ಹಾರಿದರೆ, ತೆಂಗಿನಕಾಯಿ ಬಿದ್ದರೆ ನಾಲ್ಕು ಹಂಚು ಹೋಗುತ್ತದೆ. ಆ ನಾಲ್ಕು ಹಂಚು ಶಾಲೆಯ ಹಿಂದೆ ಗೋಡೆಗೆ ಒರಗಿಸಿಟ್ಟಿದ್ದರೆ ಅದೇ ದಿನ ಹಾಕಬಹುದು.

ಭಾರವನ್ನೂ ನೆನಪಿಡಬೇಕು. ಒಂದು ಹಂಚು ಎರಡೂವರೆ ಕಿಲೋ ಎಂದುಕೊಂಡರೆ 3350 ಹಂಚು ಎಂಟು ಟನ್ನಿಗಿಂತ ಹೆಚ್ಚು. ಹಂಚಿನ ಸಂಖ್ಯೆ ಅರ್ಧಕ್ಕೆ ಬರೆದವರು ಸಾಗಾಟವನ್ನೂ ಅರ್ಧವೇ ಬರೆದಿರುತ್ತಾರೆ. ಮೇಲೇರಿಸುವ ಕೂಲಿಯೂ ಅರ್ಧ, ರೀಪೂ ಅರ್ಧ. ತಪ್ಪು ಒಂದು ಕಡೆ ಹೊಕ್ಕರೆ ಪಟ್ಟಿಯ ಎಲ್ಲ ಸಾಲಿಗೂ ಹರಡುತ್ತದೆ. ಆಮೇಲೆ ಹೆಚ್ಚುವರಿ ಹಣ ಕೇಳಿದರೆ ಇಡೀ ಕಡತ ಮತ್ತೆ ಮೇಲಿನಿಂದ ಕೆಳಗೆ ತಿರುಗಬೇಕು.

ಆದ್ದರಿಂದ ಶಾಲೆ, ಅಂಗನವಾಡಿಗಳ ಮಾಡಿಗೆ ಅಂದಾಜುಪಟ್ಟಿ ಬರೆಯುವ ಇಂಜಿನಿಯರುಗಳಲ್ಲಿ ನನ್ನ ಕಳಕಳಿಯ ವಿನಂತಿ: ಸ್ಥಳಕ್ಕೆ ಬನ್ನಿ. ಪಟ್ಟಿಯಲ್ಲಿ ಕೊಠಡಿಯ ವಿಸ್ತೀರ್ಣದ ಕೆಳಗೆ ಮಾಡಿನ ವಿಸ್ತೀರ್ಣವನ್ನು ಬೇರೆಯಾಗಿ ಬರೆಯಿರಿ. ಸಾಲು ಎಷ್ಟು, ಸಾಲಿಗೆ ಹಂಚೆಷ್ಟು, ಹಂಚಿನ ಗಾತ್ರ ಯಾವುದು, ಪೋಲು ನೂರಕ್ಕೆಷ್ಟು, ರಿಡ್ಜ್ ಎಷ್ಟು ಎಂಬುದನ್ನೂ ಕಾಣಿಸಿ. ಮಂಜೂರಾತಿಗೆ ಕಳಿಸುವ ಮೊದಲು ಒಂದು ಪ್ರತಿ ಸಮಿತಿಗೆ ಕೊಡಿ. ಪೋಷಕರಲ್ಲಿ ಆಚಾರಿಗಳಿದ್ದಾರೆ, ಮೇಸ್ತ್ರಿಗಳಿದ್ದಾರೆ, ಮಾಡಿನ ಮೇಲೇ ಬದುಕು ಕಳೆದವರಿದ್ದಾರೆ. ಅವರ ಕಣ್ಣಿಗೆ ಬಿದ್ದರೆ 12 ಚದರಕ್ಕೂ 22 ಚದರಕ್ಕೂ ಇರುವ ಅಂತರ ಅಲ್ಲೇ ಸಿಕ್ಕಿಬೀಳುತ್ತದೆ. ಸಮಿತಿಯ ಸದಸ್ಯರಿಗೂ ಒಂದು ಮಾತು: ಹಳೆಯ ಹಂಚು ಇಳಿಸುವ ಮುಂಚೆಯೇ ಎಣಿಸಿ ಬರೆದಿಟ್ಟುಕೊಳ್ಳಿ. ಇಳಿಸಿದ ಮೇಲೆ ಎಣಿಸಲು ಏನೂ ಉಳಿದಿರುವುದಿಲ್ಲ. ಲಾರಿ ಬಂದಾಗ ಒಡೆದದ್ದನ್ನು ಬೇರೆ ತೆಗೆದು, ಗಟ್ಟಿ ಹಂಚಿನ ಲೆಕ್ಕವನ್ನಷ್ಟೇ ಚೀಟಿಯಲ್ಲಿ ಬರೆದು ಸಹಿ ಹಾಕಿ. ಉಳಿದ ಹಂಚನ್ನು ದಾಸ್ತಾನು ಪುಸ್ತಕಕ್ಕೆ ಏರಿಸಿ.

ಮಳೆ ಕಡಿಮೆಯಾಗಿದೆ, ಹಿಂದಿನ ಮಾಡಿಗೆ ಇನ್ನೂ ಟಾರ್ಪಾಲೇ ಇದೆ. ನಮ್ಮ ಶಾಲೆಗೆ ಬಾಕಿಯಿರುವುದು 410ಕ್ಕೆ 235 ಮಿಲಿಮೀಟರ್ ಗಾತ್ರದ, ಮೇ ತಿಂಗಳಲ್ಲಿ ಬಂದ ಹಂಚಿನ ಕಾರ್ಖಾನೆಯದ್ದೇ ಆದ 1500 ಹಂಚು, 55 ರಿಡ್ಜ್ ಹಂಚು, ಅಷ್ಟಕ್ಕೆ ತಕ್ಕ ಸಾಗಾಟ ಮತ್ತು ಕೂಲಿ. ಸಂಬಂಧಪಟ್ಟವರು ಈ ಲೆಕ್ಕವನ್ನು ಬಂದು ಪರೀಕ್ಷಿಸಲಿ, ಏಪ್ರಿಲ್ ರಜೆ ಶುರುವಾಗುವ ಮೊದಲು ಮಂಜೂರು ಮಾಡಿಸಲಿ.

— ಒಬ್ಬ ಪೋಷಕಿ, ಕುಂದಾಪುರ ತಾಲೂಕು